ತೊಟ್ಟಿಕ್ಕದ ಮುಚ್ಚಳ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದೆಲ್ಲ ಅದರದೇ ಕಥೆ. ವಯಸ್ಸಾದ ಮೇಲೆ ಮನುಷ್ಯ ಮಾಗುತ್ತಾನೆ ಅನ್ನುತ್ತಾರೆ. ನಾನೇನೂ ಮಾಗಿಲ್ಲ. ಈಗಲೂ ಎಲ್ಲಾದರೂ ಎಣ್ಣೆ ಬಾಟ್ಲಿ ಹಿಂಡಿ ಕೈ ಸಡಿಲಿಸಿದಾಗ ಕೊನೆಯ ತೊಟ್ಟು ಹೊರಗೆ ಇಳಿಯದೆ ಅಚ್ಚುಕಟ್ಟಾಗಿ ಒಳಕ್ಕೆ ಹೋದರೆ, ಒಬ್ಬ ಮನುಷ್ಯನ ನೆನಪಾಗಿ ನನ್ನ ಮುಖ ಸಿಂಡರಿಸಿಕೊಳ್ಳುತ್ತದೆ.

ಐವತ್ತರ ದಶಕದ ಕೊನೆಯ ಮಾತು. ರಾಜಾಜಿನಗರ ಆಗ ಅರ್ಧ ಊರು, ಅರ್ಧ ಹೊಲ. ಸೈಟಿನ ಕಲ್ಲು ನೆಟ್ಟಿದ್ದ ಕಡೆಯಲ್ಲೂ ರಾಗಿ ಪೈರು ನಿಂತಿರುತ್ತಿತ್ತು. ನಾನು ಕೆಲಸಕ್ಕಿದ್ದ ಕಾರ್ಖಾನೆ ಅಂಥದೊಂದು ಹೊಲದ ಅಂಚಿನಲ್ಲಿದ್ದ ಶೀಟಿನ ಶೆಡ್ಡು. ನಾವು ಹನ್ನೊಂದು ಜನ ಸೇರಿ ಮಸಿ ಕುಡಿಕೆಗೆ, ಗೋಂದಿನ ಸೀಸೆಗೆ, ಔಷಧಿ ಸೀಸೆಗೆ ಬೇಕಲೈಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಮುಚ್ಚಳ ಮಾಡುತ್ತಿದ್ದೆವು. ಮುಚ್ಚಳ ಮೂಡುವುದು ಉಕ್ಕಿನ ಅಚ್ಚಿನಲ್ಲಿ. ಆ ಅಚ್ಚು ಕೆತ್ತುವವನು ನಾನು. ಲೇತಿನ ಮುಂದೆ ಆರು ವರ್ಷ ನಿಂತು, ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ.

ಅಚ್ಚಿನ ವಿಭಾಗಕ್ಕೆ ಮೇಸ್ತ್ರಿ ಇರಲಿಲ್ಲ. ಇದ್ದವರು ನಿವೃತ್ತರಾಗಿ ಊರಿಗೆ ಹೋಗಿದ್ದರು, ಜಾಗ ಖಾಲಿ ಬಿದ್ದಿತ್ತು. ಅದು ನನಗೆ ಬೇಕಾಗಿತ್ತು. ಸಂಬಳಕ್ಕಾಗಿ ಅಲ್ಲ, ಅಮ್ಮನಿಗಾಗಿ. ತೀರಿಹೋದ ನಮ್ಮಪ್ಪ ಬಟ್ಟೆ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಅಮ್ಮನ ಲೆಕ್ಕದಲ್ಲಿ ಗಂಡಸರಲ್ಲಿ ಎರಡೇ ಜಾತಿ, ಮೇಸ್ತ್ರಿಯಾದವರು ಮತ್ತು ಆಗದವರು. ಇಪ್ಪತ್ತೆಂಟು ತುಂಬಿದ ನಾನು ಯಾವ ಜಾತಿಗೆ ಸೇರಿದವನು ಎಂದು ಅವಳು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನಾನು ಕೆತ್ತಿದ ಮುಚ್ಚಳ ತಂದು ತೋರಿಸಿದರೆ ತಿರುಗಿಸಿ ನೋಡಿ, "ಹೂಂ, ಮುಚ್ಚಳ" ಅನ್ನುತ್ತಿದ್ದಳು.

ಆ ವರ್ಷ ಚಿಕ್ಕಪೇಟೆಯ ಎಣ್ಣೆ ಸಾಹುಕಾರರೊಬ್ಬರು ಬಂದು ನಮ್ಮ ಯಜಮಾನರ ಮೇಜಿನ ಮೇಲೆ ಒಂದು ಬಾಟ್ಲಿ ಇಟ್ಟರು. ಗಾಜಿನದಲ್ಲ, ಪಾಲಿಥೀನಿನದು. ಹಿಂಡಿದರೆ ಹೊಟ್ಟೆ ಒಳಗೆ ಹೋಗಿ, ಬಿಟ್ಟರೆ ಮತ್ತೆ ಉಬ್ಬುತ್ತಿತ್ತು. ಹನ್ನೊಂದು ಜನವೂ ಸರದಿಯಲ್ಲಿ ನಿಂತು ಅದನ್ನು ಹಿಂಡಿ ನೋಡಿದೆವು. ಬಾಟ್ಲಿ ಬೊಂಬಾಯಿಯಿಂದ ಬರುತ್ತಿತ್ತು. ಅದರದೇನೂ ತಕರಾರಿಲ್ಲ, ಮುಚ್ಚಳದ್ದೇ ಗೋಳು ಎಂದರು ಸಾಹುಕಾರರು. ಅವರದು ಅಚ್ಚ ಕೊಬ್ಬರಿ ಎಣ್ಣೆ, ಸ್ವಲ್ಪ ಮಲ್ಲಿಗೆ ವಾಸನೆ ಬೆರೆಸಿದ್ದು. ಹಿಂಡಿದರೆ ಧಾರೆ ಚೆನ್ನಾಗಿಯೇ ಬರುತ್ತಿತ್ತು. ಕೈ ಸಡಿಲಿಸಿದ ಮೇಲೆ ಕೊನೆಯ ತೊಟ್ಟೊಂದು ತೂತಿನ ಅಂಚಿಗೆ ಅಂಟಿಕೊಂಡು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಮೆಲ್ಲಗೆ ಬಾಟ್ಲಿಯ ಕುತ್ತಿಗೆಯ ಮೇಲೆ ಇಳಿಯುತ್ತಿತ್ತು.

"ಹೆಂಗಸ್ರು ಬಾಟ್ಲಿ ಕೆಳಗೆ ಕಾಗದ ಹಾಕಿ ಇಡ್ತಾರೆ ಕಣ್ರೀ," ಎಂದರು ಸಾಹುಕಾರರು. "ವಾರ ಕಳೆಯೋದ್ರೊಳಗೆ ಚೀಟಿ ಎಲ್ಲಾ ಜಿಡ್ಡು. ನನ್ನ ಅಂಗಡಿ ಹೆಸ್ರೇ ಓದಕ್ಕಾಗಲ್ಲ."

ಅವರು ಹೋದ ಮೇಲೆ ಯಜಮಾನರು ಎಲ್ಲರ ಮುಂದೆ ಹೇಳಿದರು: "ತೊಟ್ಟಿಕ್ಕದೆ ಇರೋ ಮುಚ್ಚಳ ಯಾರು ಮಾಡ್ತೀರೋ, ಮೇಸ್ತ್ರಿ ಜಾಗ ಅವ್ರಿಗೆ." ಹೇಳುವಾಗ ಅವರು ನೋಡಿದ್ದು ನನ್ನನ್ನೇ. ಅಚ್ಚು ಕೆತ್ತುವವನು ನಾನೊಬ್ಬನೇ ಇದ್ದದ್ದರಿಂದ, ಆ ಜಾಗ ನನ್ನ ಜೇಬಿಗೆ ಬಿತ್ತು ಎಂದುಕೊಂಡೆ. ಸಂಜೆ ಅಮ್ಮನಿಗೂ ಹೇಳಿದೆ. "ಆಗ್ಲಿ ನೋಡಣ" ಅಂದಳು.

ಮೂರು ತಿಂಗಳು ಒದ್ದಾಡಿದೆ. ತೂತಿನ ಸುತ್ತ ಸಣ್ಣ ಚರಂಡಿಯಂಥದೊಂದು ತೋಡಿ ನೋಡಿದೆ. ತೊಟ್ಟು ಅದರಲ್ಲಿ ನಿಂತು, ಧೂಳು ಸೇರಿ, ಕರೀ ಅಂಟಾಯಿತು. ಉದ್ದದ ಮೂತಿ ಮಾಡಿದೆ. ಎಣ್ಣೆ ಇನ್ನೂ ಉದ್ದಕ್ಕೆ ಹರಿಯಿತು. ಮುಚ್ಚಳದೊಳಗೆ ಕಡ್ಡಿಯಿಟ್ಟು ತೂತು ಮುಚ್ಚಲು ನೋಡಿದೆ. ಕಡ್ಡಿಯೇ ಎಣ್ಣೆ ಕುಡಿದು ಹೊರಗೆಲ್ಲ ಬಳಿಯಿತು. ಯುಗಾದಿ ಮುಗಿದ ವಾರ ಯಜಮಾನರು, ನಿಮಗೆ ಒತ್ತಾಸೆಗೆ ಇರಲಿ ಎಂದು ಇನ್ನೊಬ್ಬ ಅಚ್ಚಿನ ಕೆಲಸಗಾರನನ್ನು ಕರೆತಂದು ನಿಲ್ಲಿಸಿದರು.

ಅವನು ಉಡುಪಿ ಕಡೆಯವನು, ಸಮುದ್ರದ ದಂಡೆಯ ಊರು. ನನಗಿಂತ ಮೂರು ವರ್ಷ ಚಿಕ್ಕವನು. ಬೆಂಗಳೂರು ಹೊಸದು, ಉಳಿಯಲು ಜಾಗವಿರಲಿಲ್ಲ. ನಿಮ್ಮ ಮನೆ ಮುಂದಿನ ಕೋಣೆ ಖಾಲಿ ಇದೆಯಲ್ಲ ಎಂದು ಯಜಮಾನರು ನನಗೇ ಗಂಟು ಹಾಕಿದರು. ಊಟವೂ ನಮ್ಮಲ್ಲೇ. ಹೀಗೆ ಹಗಲೆಲ್ಲ ಲೇತಿನ ಪಕ್ಕದಲ್ಲಿ, ಸಂಜೆಯೆಲ್ಲ ಊಟದ ಎಲೆಯ ಪಕ್ಕದಲ್ಲಿ ಅವನ ಮುಖ ನೋಡುವ ಯೋಗ ನನ್ನದಾಯಿತು.

ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬಾವಿಯಿಂದ ನೀರು ಸೇದಿಕೊಡುತ್ತಿದ್ದ. ಅಮ್ಮ ತೆಂಗಿನಕಾಯಿ ತುರಿಯಲು ಕೂತರೆ "ಕೊಡಿ ಅಮ್ಮ, ನಮ್ಮಲ್ಲಿ ಇದು ಗಂಡಸರ ಕೆಲಸ" ಎಂದು ಈಳಿಗೆಮಣೆ ಕಸಿದುಕೊಳ್ಳುತ್ತಿದ್ದ. ಅಮ್ಮನ ಸಾರು ಕುಡಿದು, "ಇದಕ್ಕೆ ಎಂತ ಹಾಕಿದ್ದೀರಿ ಅಮ್ಮ?" ಎಂದು ಕೇಳಿದ. ಹುಟ್ಟಿದಾಗಿನಿಂದ ಆ ಸಾರು ಕುಡಿದವನು ನಾನು, ಅದರಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿದವನಲ್ಲ. ಅಮ್ಮನ ಮುಖ ಅರಳಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಕಟ್ಟಿದವನ ಮನೆಯಲ್ಲೂ ಇಂಥ ಬಾಡಿಗೆದಾರನೊಬ್ಬ ಇದ್ದಿರಬೇಕು.

ಕಾರ್ತಿಕ ಮಾಸದ ಹೊತ್ತಿಗೆ ಅವನು ಗಂಟು ಬಿಡಿಸಿದ. ಬಿಡಿಸಿ ಮೊದಲು ಹೇಳಿದ್ದು ಯಜಮಾನರಿಗಲ್ಲ, ನನಗೆ.

"ನೋಡಿ, ತೊಟ್ಟಿಗೆ ಕೂರಲಿಕ್ಕೆ ಜಾಗ ಕೊಟ್ಟರೆ ಅದು ಕೂರ್ತದೆ," ಎಂದ. "ನಮ್ಮ ಮನೆಯಲ್ಲಿ ಒಂದು ಹಳೇ ಗಿಂಡಿ ಉಂಟು. ಅದರ ಮೂತಿ ಸವೆದು ಸವೆದು ಎಲೆಯಷ್ಟು ತೆಳ್ಳಗಾಗಿದೆ. ಹಾಲು ಬಗ್ಗಿಸಿದರೆ ಒಂದು ತೊಟ್ಟು ಕೆಳಗೆ ಇಳಿಯುವುದಿಲ್ಲ ಮಾರಾಯ್ರೆ. ನಾವು ಅಂಚನ್ನು ದಪ್ಪ ಇಟ್ಟಿದ್ದೇ ತಪ್ಪು."

ಅವನು ಕೆತ್ತಿದ ಅಚ್ಚಿನಿಂದ ಬಂದ ಮುಚ್ಚಳದಲ್ಲಿ ತೂತಿನ ಅಂಚು ಹೊರಕ್ಕೆ ಬಾಗಿ, ಕಾಗದದಷ್ಟು ತೆಳ್ಳಗಿತ್ತು. ತೂತು ಹೊರಗಡೆ ಸಾಸಿವೆ ಕಾಳಿಗಿಂತ ಸಣ್ಣದು, ಒಳಗೆ ಹೋಗುತ್ತಾ ಆಲಿಕೆಯ ಹಾಗೆ ಅಗಲ. ಹಿಂಡಿದ. ನೂಲಿನಂಥ ಧಾರೆ ಬಂತು. ಬಿಟ್ಟ. ಉಬ್ಬುವ ಬಾಟ್ಲಿ ಉಸಿರೆಳೆದುಕೊಂಡಾಗ ಕೊನೆಯ ತೊಟ್ಟೂ ಅದರ ಜೊತೆ ಒಳಗೆ ಹೋಯಿತು. ನಾನು ಬೆರಳಿನಿಂದ ಅಂಚನ್ನು ಸವರಿದೆ. ಒಣಗಿತ್ತು. ಇನ್ನೊಮ್ಮೆ ಸವರಿದೆ.

"ಚೆನ್ನಾಗಿದೆ," ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಎಷ್ಟು ಕಷ್ಟವಾಯಿತೆಂದರೆ, ಆಮೇಲೆ ಹೋಗಿ ನೀರು ಕುಡಿದು ಬಂದೆ. ಗಿಂಡಿ ನಮ್ಮ ಮನೆಯಲ್ಲೂ ಇತ್ತು. ನಾನು ದಿನಾ ಅದನ್ನು ಮುಟ್ಟುತ್ತಿದ್ದೆ. ನನಗೆ ಯಾಕೆ ಹೊಳೆಯಲಿಲ್ಲ?

ಸಾಹುಕಾರರಿಗೆ ತೋರಿಸುವುದೊಂದು ಬಾಕಿ. ಅವರು ದಿನ ಗೊತ್ತು ಮಾಡಿದರು: ಧನುರ್ಮಾಸದ ಒಂದು ಶನಿವಾರ. ಒಂಬತ್ತಕ್ಕೆ ರಾಹುಕಾಲ ಹುಟ್ಟುತ್ತದೆ, ಆದ್ದರಿಂದ ಬೆಳಿಗ್ಗೆ ಎಂಟಕ್ಕೇ ಬರುತ್ತೇನೆ ಎಂದು ಹೇಳಿ ಕಳಿಸಿದರು.

ಅದಕ್ಕೆ ಹತ್ತು ದಿನ ಮೊದಲು ಒಂದು ಬೆಳಿಗ್ಗೆ ಬೇಗ ಎದ್ದು ಬಚ್ಚಲಿಗೆ ಹೋದೆ. ಅಮ್ಮ ಹಂಡೆ ಒಲೆಗೆ ಆಗಷ್ಟೇ ಸೌದೆ ಒಟ್ಟುತ್ತಿದ್ದಳು. ಗೂಡಿನಲ್ಲಿದ್ದ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ, ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಚಳಿಗಾಲದಲ್ಲಿ ಬೆಂಗಳೂರಿನ ಯಾವ ಮನೆಯಲ್ಲೂ ಇದು ಹೊಸದಲ್ಲ. ಬೆರಳಲ್ಲಿ ಒತ್ತಿದೆ, ಒಳಗಿಳಿಯಲಿಲ್ಲ. "ಎಣ್ಣೆ ಗಟ್ಟಿ ಆಗಿದೆ, ಒಲೆ ಪಕ್ಕ ಇಡಮ್ಮ," ಅಂದೆ. ಹೇಳಿದವನು ಅಲ್ಲೇ ನಿಂತುಬಿಟ್ಟೆ. ಸಾಸಿವೆ ಕಾಳಿಗಿಂತ ಸಣ್ಣ ತೂತು! ಅದರಲ್ಲಿ ಈ ಎಣ್ಣೆ ಹೇಗೆ ಬಂದೀತು?

ಅವನಿಗೆ ಇದು ಗೊತ್ತಿರಲು ದಾರಿಯೇ ಇರಲಿಲ್ಲ. ಅವನ ಊರಿನ ಸೆಕೆಗೆ ಎಣ್ಣೆ ವರ್ಷವಿಡೀ ನೀರಾಗಿಯೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಅವನು ಏಳುವ ಹೊತ್ತಿಗೆ ಅಮ್ಮ ಬಟ್ಟಲನ್ನು ಒಲೆ ಪಕ್ಕ ಇಟ್ಟು ಕರಗಿಸಿರುತ್ತಿದ್ದಳು. ಕಾರ್ಖಾನೆಯಲ್ಲಿ ಅವನು ಬಾಟ್ಲಿಗಳನ್ನು ಇಟ್ಟು ಪರೀಕ್ಷೆ ಮಾಡುತ್ತಿದ್ದದ್ದು ಈ ಮುಚ್ಚಳಕ್ಕೆಂದೇ ಹೊಸದಾಗಿ ತರಿಸಿದ್ದ, ಪಾಲಿಥೀನ್ ಕಾಳು ಕರಗಿಸುವ ಮೆಷಿನ್ನಿನ ಪಕ್ಕದ ಹಲಗೆಯ ಮೇಲೆ. ಅಲ್ಲಿ ಮಾಘದಲ್ಲೂ ಬೆವರು ಬರುತ್ತಿತ್ತು. ಯಜಮಾನರಿಗೆ ಹೊಳೆಯಬಹುದಿತ್ತು, ಆದರೆ ಅವರ ತಲೆ ತುಂಬ ಸಾಹುಕಾರರೇ ಇದ್ದರು.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂದೇ ಊಟಕ್ಕೆ ಕೂತಾಗ ಹೇಳಿಬಿಡೋಣ ಎಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಅಮ್ಮ ಅವನಿಗೆ ಮಜ್ಜಿಗೆ ಬಡಿಸುತ್ತಾ, "ಮೇಸ್ತ್ರಿ ಆದ್ಮೇಲೆ ನಿಮ್ಮಮ್ಮನ್ನ ಕರ್ಕೊಂಡು ಬಾರಪ್ಪ. ಎಂಥಾ ಮಗನ್ನ ಹೆತ್ತಿದಾಳೆ ಅಂತ ಒಂದ್ಸಲ ನೋಡ್ಬೇಕು," ಅಂದಳು. ತೆರೆದ ಬಾಯಿಗೆ ನಾನು ಅನ್ನದ ತುತ್ತು ಹಾಕಿಕೊಂಡೆ.

ಆಮೇಲಿನ ಹತ್ತು ದಿನ ನಾನು ಮಾಡಿದ್ದನ್ನು ಮರೆಮಾಚುವುದಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಅವನ ಮುಚ್ಚಳಗಳಲ್ಲಿ ಒಂದನ್ನು ತೆಗೆದುಕೊಂಡು, ತೂತನ್ನು ಸ್ವಲ್ಪ ಸ್ವಲ್ಪವೇ ಕೊರೆದು ಹೆಸರುಕಾಳಿನಷ್ಟು ಮಾಡಿದೆ. ಅಂಚನ್ನು ಮೊದಲಿನಷ್ಟೇ ತೆಳ್ಳಗೆ ಉಳಿಸಿಕೊಂಡೆ. ಬೆಳಿಗ್ಗೆ ಗಟ್ಟಿಯಾದ ಎಣ್ಣೆ ತುಂಬಿದ ಬಾಟ್ಲಿಗೆ ಹಾಕಿ, ಎರಡು ನಿಮಿಷ ಅಂಗೈಯಲ್ಲಿ ಹಿಡಿದು ಹಿಂಡಿದೆ. ಬೆಣ್ಣೆಯ ಹಾಗೆ ಬಂತು. ಮಧ್ಯಾಹ್ನ ಕರಗಿದ ಎಣ್ಣೆಯಲ್ಲೂ ತೊಟ್ಟಿಕ್ಕಲಿಲ್ಲ; ಕೆಲಸವೆಲ್ಲ ಆ ತೆಳ್ಳನೆಯ ಅಂಚಿನದೇ ಆಗಿತ್ತು. ಆ ಮುಚ್ಚಳವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಅವನು ದಾರಿಯುದ್ದಕ್ಕೂ ಶನಿವಾರದ ಮಾತನ್ನೇ ಆಡುತ್ತಾ ನನ್ನ ಜೊತೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ.

ಶುಕ್ರವಾರ ಸಂಜೆ ಅವನು ಹನ್ನೆರಡು ಬಾಟ್ಲಿ ತುಂಬಿಸಿ ಮೆಷಿನ್ನಿನ ಪಕ್ಕ ಇಟ್ಟ. "ಅಲ್ಯಾಕೆ? ಆಫೀಸ್ ರೂಮಲ್ಲಿ ಜೋಡಿಸಿ, ಬಂದ ತಕ್ಷಣ ಕಾಣ್ಬೇಕು," ಎಂದರು ಯಜಮಾನರು. ಆಫೀಸು ರೂಮು ಹೊಲದ ಕಡೆಗೆ ಮುಖಮಾಡಿದ್ದ, ಸಿಮೆಂಟು ನೆಲದ ಕೋಣೆ. ಚಳಿಗಾಲದಲ್ಲಿ ಅಲ್ಲಿ ಕೂತು ಬರೆಯುವ ಗುಮಾಸ್ತರು ಮಫ್ಲರು ಬಿಚ್ಚುತ್ತಿರಲಿಲ್ಲ. ಬಾಟ್ಲಿಗಳ ತಟ್ಟೆಯನ್ನು ಎತ್ತಿಕೊಂಡು ಹೋದವನು ನಾನೇ. ಚೀಟಿಗಳೆಲ್ಲ ಎದುರಿಗೆ ಕಾಣುವ ಹಾಗೆ ಸಾಲಾಗಿ ಜೋಡಿಸಿದೆ. ಕಿಟಕಿಯೊಂದು ತೆರೆದಿತ್ತು. ಅದನ್ನು ಮುಚ್ಚಲಿಲ್ಲ.

ಬೆಳಿಗ್ಗೆ ಸಾಹುಕಾರರು ಜರಿಪೇಟ, ಮುಚ್ಚುಕೋಟು ಹಾಕಿಕೊಂಡು ಬಂದರು. ಒಂದು ಬಾಟ್ಲಿ ಎತ್ತಿ ಅಂಗೈಗೆ ಬಗ್ಗಿಸಿ ಹಿಂಡಿದರು. ಏನೂ ಬರಲಿಲ್ಲ. ಇನ್ನೊಂದನ್ನು ಎತ್ತಿದರು. ಅದರಲ್ಲೂ ಇಲ್ಲ. ಮೂರನೆಯದನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಹಿಂಡಿದಾಗ ಮುಚ್ಚಳವೇ ಕಿತ್ತು ಹಾರಿ, ಬಿಳೀ ಉಂಡೆಯೊಂದು ಅವರ ಕೋಟಿನ ಮೇಲೆ ಬಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವನು ಬಾಟ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದ. "ಎಂತ ಇದು? ಒಳಗೆ ಮೇಣ ಉಂಟಲ್ಲ!" ಎಂದ.

"ಮೇಣ ಅಲ್ಲಾರೀ, ಎಣ್ಣೆ! ಧನುರ್ಮಾಸದಲ್ಲಿ ಕೊಬ್ರಿ ಎಣ್ಣೆ ಗಟ್ಟಿಯಾಗ್ದೆ ಇನ್ನೇನಾಗತ್ತೆ?" ಸಾಹುಕಾರರು ಕೋಟು ಒರೆಸಿಕೊಳ್ಳುತ್ತಾ ಹೇಳಿದರು. "ಚಳಿಗಾಲದಲ್ಲಿ ನನ್ನ ಎಣ್ಣೆ ಯಾರೂ ಹಚ್ಕೋಬಾರ್ದಾ?"

ಯಜಮಾನರ ಮುಖ ಕೆಂಪಾಯಿತು. ಅವರು ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವನು ತಲೆ ತಗ್ಗಿಸಿ ನಿಂತ. ನಾನು ಮುಂದೆ ಬಂದು, ಬಹಳ ವಿನಯದಿಂದ, "ತೂತು ದೊಡ್ಡದು ಮಾಡಿದ್ರೆ ಸರಿಹೋಗತ್ತೆ ಅನ್ಸತ್ತೆ ಸಾರ್. ಮೂರು ದಿನ ಟೈಮ್ ಕೊಡಿ," ಅಂದೆ. ಸರಿಹೋದ ಮುಚ್ಚಳ ನನ್ನ ಜೇಬಿನಲ್ಲೇ ಇತ್ತು. ಆ ಕ್ಷಣ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಆಗಲಿಲ್ಲ. ಖುಷಿಯಾಯಿತು.

ಬುಧವಾರ ಸಾಹುಕಾರರು ನನ್ನ ಮುಚ್ಚಳ ಒಪ್ಪಿದರು. ಗುರುವಾರ ಯಜಮಾನರು ಅಚ್ಚಿನ ಬೀರುವಿನ ಬೀಗದ ಕೈ ನನ್ನ ಕೈಗೆ ಕೊಟ್ಟು, ಎಲ್ಲರೆದುರು ಮೇಸ್ತ್ರಿ ಎಂದು ಕರೆದರು. ಅವನು ಮೊದಲು ಬಂದು ಕೈ ಕುಲುಕಿದ. "ಒಳ್ಳೇದಾಯ್ತು. ನಿಮಗೇ ಸಲ್ಲಬೇಕಾದ್ದು," ಎಂದ. ಅದರಲ್ಲಿ ಕುಟುಕು ಇದೆಯೇ ಎಂದು ಅವನ ಮುಖ ನೋಡಿದೆ, ಇದ್ದ ಹಾಗೆ ಕಾಣಲಿಲ್ಲ. ಇದ್ದಿದ್ದರೆ ನೆಮ್ಮದಿಯಾಗಿರುತ್ತಿತ್ತು.

ಭಾನುವಾರ ಮಧ್ಯಾಹ್ನ ಅಮ್ಮ ಗಸಗಸೆ ಪಾಯಸ ಮಾಡಿದಳು. ಅಪ್ಪನ ಫೋಟೋಗೆ ಹೂವಿಟ್ಟು ಬಂದು ನಮ್ಮಿಬ್ಬರಿಗೂ ಬಡಿಸಿದಳು. ಬಡಿಸುತ್ತಾ ಅವನ ಕಡೆಗೆ ತಿರುಗಿ, ಮರುಕದ ದನಿಯಲ್ಲಿ ಕೇಳಿದಳು: "ಅಷ್ಟು ಚೆನ್ನಾಗಿ ಮಾಡಿದ್ಯಲ್ಲಪ್ಪ, ಏನಾಗಿ ಕೆಟ್ಟೋಯ್ತು? ಇವ್ನು ಒಂದೂ ಸರಿಯಾಗಿ ಹೇಳಲ್ಲ."

ಅವನು ನಗುತ್ತಲೇ ಎಲ್ಲ ಹೇಳಿದ. ಸಾಹುಕಾರರು ಹಿಂಡಿದ್ದು, ಉಂಡೆ ಹಾರಿದ್ದು, ತಾನು ಮೇಣ ಅಂದದ್ದು. "ಎಣ್ಣೆ ಹೀಗೆ ಕಲ್ಲಾಗ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ ಅಮ್ಮ. ನಿಮ್ಮ ಬಚ್ಚಲಲ್ಲಿ ಯಾವಾಗ ನೋಡಿದರೂ ನೀರಾಗಿಯೇ ಇರ್ತಿತ್ತು."

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಅದು ನಾನು ದಿನಾ ಕರಗ್ಸಿ ಇಡ್ತಿದ್ದೆ, ಅದಕ್ಕೆ," ಎಂದಳು. ಆಮೇಲೆ ನನ್ನ ಕಡೆ ನೋಡಿದಳು. "ನಿಂಗೆ ಗೊತ್ತಿತ್ತಲ್ವೇನೋ? ನೀನೇ ತಾನೆ ಒಲೆ ಪಕ್ಕ ಇಡು ಅಂದಿದ್ದು? ಇವ್ನಿಗೆ ಯಾಕೋ ಹೇಳ್ಲಿಲ್ಲ?"

ಅಮ್ಮನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡ ಅಭ್ಯಾಸ ನನಗಿರಲಿಲ್ಲ. ಪಕ್ಕದ ಎಲೆಯ ಮೇಲೆ ಅವನ ಕೈಯೂ ನಿಂತದ್ದು ಕಾಣಿಸಿತು. ಅವನು ಆಗ ತಿಳಿದುಕೊಂಡ. ಎಷ್ಟು ತಿಳಿದುಕೊಂಡ ಎಂದು ಹೇಳಲಾರೆ, ಸಾಕಷ್ಟು ತಿಳಿದುಕೊಂಡ. ಅವನು ಬಾಯಿ ತೆರೆದರೆ ಆ ಮನೆಯಲ್ಲಿ ನಾನು ಇನ್ನೆಂದೂ ತಲೆಯೆತ್ತಿ ಊಟ ಮಾಡುವ ಹಾಗಿರಲಿಲ್ಲ.

"ಹೇಳಿದ್ದರು ಅಮ್ಮ," ಎಂದ ಅವನು. "ಮೊದಲೇ ಹೇಳಿದ್ದರು. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಸೊಕ್ಕು."

ಅಮ್ಮ ನನ್ನನ್ನು ನೋಡಿದಳು. ನಾನು ಹೌದು ಎನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಅವಳ ಮುಖ ಮೆಲ್ಲಗೆ ಸಡಿಲವಾಯಿತು. "ಹಂಗನ್ನು ಮತ್ತೆ!" ಎಂದು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು. "ಇವ್ನು ಇವರಪ್ಪನ ಹಾಗೇ ಕಣಪ್ಪ. ಹೆಚ್ಚು ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ಕೊಂಡಿರ್ತಾನೆ. ಪಕ್ಕದವ್ನಿಗೆ ಕೇಡು ಬಗೆಯೋನಲ್ಲ ನನ್ನ ಮಗ."

ಇಪ್ಪತ್ತೆಂಟು ವರ್ಷ ಅಮ್ಮನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು ಅದು. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ, ಎಲೆಯ ಮೇಲಿನ ಪಾಯಸವನ್ನು ಬೆರಳಲ್ಲಿ ಬಳಿದುಕೊಂಡು ತಿನ್ನುತ್ತಿದ್ದ. ಅಷ್ಟು ದೊಡ್ಡ ಸುಳ್ಳನ್ನು ನನಗೋಸ್ಕರ ಅಷ್ಟು ಸಲೀಸಾಗಿ ಹೇಳಿದನಲ್ಲ, ಹಾಗೆ ಹೇಳುವ ಮನಸ್ಸು ಇವನಿಗೆ ಎಲ್ಲಿಂದ ಬಂತು, ನನಗೆ ಯಾಕಿಲ್ಲ ಎಂದು ಆಗಲೂ ಅವನ ಮೇಲೆ ನನಗೆ ಹೊಟ್ಟೆಕಿಚ್ಚೇ ಆಯಿತು. ಅಮ್ಮ ಹಾಕಿದ ಪಾಯಸವನ್ನು ಒಂದು ಹನಿ ಬಿಡದೆ ತಿಂದೆ.